ಮಣ್ಣಿನ ಪಾರಿವಾಳವೂ ಮೈಗೊಪ್ಪುವ ಬಂದೂಕೂ

ಅಂಗಿಯನ್ನು ಮೈಯಳತೆ ಕೊಟ್ಟು ಹೊಲಿಸುವುದಕ್ಕೂ ಅಂಗಡಿಯಲ್ಲಿ ತೂಗುಹಾಕಿದ್ದನ್ನು ಕೊಂಡು ತೊಡುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಆದರೆ ಬಂದೂಕನ್ನೂ ಹಾಗೆಯೇ ಮೈಯಳತೆ ತೆಗೆದು ಮಾಡುತ್ತಾರೆಂದರೆ ನಮ್ಮಲ್ಲಿ ಹಲವರು ನಗುತ್ತಾರೆ. ಬಂದೂಕು ಒಂದು ಯಂತ್ರ. ಒಳ್ಳೆಯ ಯಂತ್ರವಾದರೆ ಯಾರ ಕೈಯಲ್ಲಾದರೂ ಒಳ್ಳೆಯದೇ ಎಂಬುದು ಸಾಮಾನ್ಯ ತಿಳಿವಳಿಕೆ. ರೈಫಲ್ಲಿನ ಮಟ್ಟಿಗೆ ಇದು ಬಹುಪಾಲು ನಿಜ. ಚರೆ ಹಾರಿಸುವ ಬಂದೂಕಿನ, ಅಂದರೆ ಇಂಗ್ಲಿಷಿನವರು ಶಾಟ್‌ಗನ್ ಎನ್ನುವ ಮತ್ತು ನಮ್ಮ ಮಲೆನಾಡಿನಲ್ಲಿ ತೋಟಾಕೋವಿ ಎಂದು ಹೆಸರಾದ ಆಯುಧದ ಮಟ್ಟಿಗೆ ಅದು ಪೂರ್ತಿ ಸುಳ್ಳು. ಹಾರುವ ಮಣ್ಣಿನ ಬಿಲ್ಲೆಯನ್ನು ಹೊಡೆಯುವ ‘ಕ್ಲೇ ಪಿಜನ್’ ಆಟದ ಇತಿಹಾಸವನ್ನು ನೋಡಿದರೆ, ಈ ಸುಳ್ಳು ಬಯಲಾಗಲು ನೂರು ವರ್ಷ ಹಿಡಿಯಿತೆಂಬುದೂ, ಬಯಲಾದ ಮೇಲೂ ಅದರ ಫಲ ಎಲ್ಲರಿಗೆ ದಕ್ಕಲಿಲ್ಲವೆಂಬುದೂ ತಿಳಿಯುತ್ತದೆ.

ಮೊದಲು ಕಾರಣವನ್ನು ಹೇಳಿಬಿಡುತ್ತೇನೆ. ರೈಫಲ್ಲಿಗೆ ನಳಿಗೆಯ ತುದಿಯಲ್ಲಿ ಒಂದು, ಹಿಂದೆ ಒಂದು ಎಂದು ಎರಡು ಗುರಿಕಾಯಿಗಳಿರುತ್ತವೆ. ಎರಡನ್ನೂ ಒಂದೇ ಗೆರೆಯಲ್ಲಿ ತಂದು, ಉಸಿರು ಬಿಗಿಹಿಡಿದು ಹೊಡೆಯಬಹುದು. ಚರೆಬಂದೂಕಿಗೆ ತುದಿಯಲ್ಲಿ ಒಂದು ಸಣ್ಣ ಮಣಿ ಮಾತ್ರ. ಹಿಂದಿನ ಗುರಿಕಾಯಿ ಎಲ್ಲಿ? ಹೊಡೆಯುವವನ ಕಣ್ಣೇ ಅದು. ಆ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಬಂದೂಕಿನ ಹಿಂಬದಿಯ ಮರ, ಅಂದರೆ ಹೆಗಲಿಗೆ ಒತ್ತಿ ಕೆನ್ನೆ ಆನಿಸುವ ‘ಸ್ಟಾಕ್’. ಹಾರುವ ವಸ್ತುವಿನ ಮೇಲೆ ದೃಷ್ಟಿ ನೆಟ್ಟವನಿಗೆ ನಳಿಗೆಯ ಕಡೆ ನೋಡಲು ಪುರಸತ್ತು ಇರುವುದಿಲ್ಲ. ಬಂದೂಕು ತಾನಾಗಿ ಕಣ್ಣಿನ ಕೆಳಗೆ ಬಂದು ಕೂರಬೇಕು.

ಇದನ್ನು ಶಾಲೆಯ ರೇಖಾಗಣಿತದಿಂದಲೇ ಲೆಕ್ಕ ಹಾಕಬಹುದು. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ ದೂರವೆಂದಿಟ್ಟುಕೊಳ್ಳಿ. ಬಿಲ್ಲೆ 36 ಗಜ ದೂರದಲ್ಲಿದೆ. ಕಣ್ಣು ಇರಬೇಕಾದ ಜಾಗದಿಂದ ಕಾಲು ಅಂಗುಲ ಮೇಲಿದ್ದರೆ ಅಲ್ಲಿ ಆಗುವ ತಪ್ಪು ಅದರ 36 ಪಟ್ಟು, ಅಂದರೆ 9 ಅಂಗುಲ. ಅರ್ಧ ಅಂಗುಲವಾದರೆ 18. ಆ ದೂರದಲ್ಲಿ ಚರೆಗಳು ದಟ್ಟವಾಗಿ ಹರಡುವ ವೃತ್ತದ ವ್ಯಾಸ ಸುಮಾರು 30 ಅಂಗುಲ, ತ್ರಿಜ್ಯ 15. ಬಿಲ್ಲೆಯ ವ್ಯಾಸವೋ 110 ಮಿಲಿಮೀಟರ್, ನಾಲ್ಕು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಮರದ ತುಂಡೊಂದು ಅರ್ಧ ಅಂಗುಲ ಹೆಚ್ಚು ಕಡಿಮೆಯಾದದ್ದಕ್ಕೆ ಎಷ್ಟೇ ನುರಿತವನಾದರೂ ಬಿಲ್ಲೆಯ ಪಕ್ಕದ ಗಾಳಿಗೆ ಹೊಡೆಯುತ್ತಾನೆ. ಮೇಲೆ ಕೆಳಗಿನ ತಪ್ಪಿಗೂ ಎಡ ಬಲದ ತಪ್ಪಿಗೂ ಲೆಕ್ಕ ಒಂದೇ.

ಇನ್ನು ಇತಿಹಾಸ. ಮಣ್ಣಿನ ಬಿಲ್ಲೆಗೆ ಪಾರಿವಾಳವೆಂಬ ಹೆಸರು ಬಂದದ್ದು ಅದರ ಆಕಾರದಿಂದಲ್ಲ. ಅದಕ್ಕೂ ಹಕ್ಕಿಗೂ ಯಾವ ಹೋಲಿಕೆಯೂ ಇಲ್ಲ, ತಲೆಕೆಳಗಾದ ಕಾಫಿ ಸಾಸರಿನಂತೆ ಕಾಣುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ನಿಜವಾದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು, ಹಗ್ಗ ಎಳೆದು ಬಿಟ್ಟು, ಹಾರುವಾಗ ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಹಕ್ಕಿಯನ್ನು ನೆಲದ ಗುಣಿಯಲ್ಲಿಟ್ಟು ಹಳೆಯ ಟೋಪಿ ಮುಚ್ಚಿ, ಹಗ್ಗದಿಂದ ಟೋಪಿ ಎಳೆಯುತ್ತಿದ್ದುದೂ ಉಂಟು. ಹೊಡೆಯುವವನು ‘ಪುಲ್’, ಎಳೆ, ಎಂದು ಕೂಗುತ್ತಿದ್ದ. ಈಗ ಹಗ್ಗವೂ ಇಲ್ಲ, ಟೋಪಿಯೂ ಇಲ್ಲ. ಧ್ವನಿ ಕೇಳಿದೊಡನೆ ವಿದ್ಯುದ್ಯಂತ ಬಿಲ್ಲೆ ಎಸೆಯುತ್ತದೆ. ಆದರೂ ಅನೇಕರು ಆ ಹಳೆಯ ಕೂಗನ್ನು ಬಿಟ್ಟಿಲ್ಲ. ಎಸೆಯುವ ಯಂತ್ರಕ್ಕೆ ಇಂದಿಗೂ ‘ಟ್ರ್ಯಾಪ್’, ಬೋನು, ಎಂದೇ ಹೆಸರು. ಸರ್ಕಾರಿ ಕಡತಗಳ ಭಾಷೆಯ ಹಾಗೆ, ವಸ್ತು ಹೋದರೂ ಪದ ಹೋಗುವುದಿಲ್ಲ.

ಶ್ರೀಮಂತರು ಇದಕ್ಕೆ ಮುಗಿಬಿದ್ದರು, ಪಂದ್ಯದ ಹಣ ಕೈ ಬದಲಾಯಿಸಿತು. 1869ರಲ್ಲಿ ಸ್ಥಾಪಿತವಾದ ಲಂಡನ್ನಿನ ಹರ್ಲಿಂಗ್‌ಹ್ಯಾಮ್ ಕ್ಲಬ್ಬು ಹುಟ್ಟಿದ್ದೇ ಪಾರಿವಾಳದ ಬೇಟೆಗಾಗಿ. ಅಲ್ಲಿ ಆ ಆಟ 1905ರಲ್ಲಿ ನಿಂತಿತಾದರೂ ಕ್ಲಬ್ಬಿನ ಲಾಂಛನದಲ್ಲಿ ಪಾರಿವಾಳ ಉಳಿದಿದೆ. 1900ರ ಪ್ಯಾರಿಸ್ ಕ್ರೀಡೋತ್ಸವದಲ್ಲಂತೂ ಜೀವಂತ ಪಾರಿವಾಳಗಳ ಸ್ಪರ್ಧೆ ನಡೆದು, ಬೆಲ್ಜಿಯಮ್ಮಿನ ಲಿಯೋನ್ ದ ಲುಂಡನ್ 21 ಹಕ್ಕಿ ಕೆಡವಿ ಗೆದ್ದ. ಬ್ರಿಟನ್ನಿನಲ್ಲಿ ಕಾನೂನು ಇದನ್ನು ನಿಷೇಧಿಸಿದ್ದು 1921ರಲ್ಲಿ.

ಈ ಜೂಜಿನ ಕಾಲದಲ್ಲೇ ಬಂದೂಕಿನ ಕುಶಲಕರ್ಮಿಗಳು ಬೆಳೆದರು. ಜೋಸೆಫ್ ಮಾಂಟನ್ (1766–1835) ಅವರಲ್ಲಿ ಹಿರಿಯ. ಬಂದೂಕುಗಳು ಸಾಮಾನ್ಯವಾಗಿ ಗುರಿಗಿಂತ ಕೆಳಗೆ ಹೊಡೆಯುತ್ತವೆ ಎಂಬುದನ್ನು ಗಮನಿಸಿ, ಜೋಡುನಳಿಗೆಗಳ ನಡುವಿನ ಪಟ್ಟಿಯನ್ನು ಹಿಂದುಗಡೆ ಎತ್ತರಿಸಿ 1806ರಲ್ಲಿ ಹಕ್ಕುಪತ್ರ ಪಡೆದ. ಕಣ್ಣು ಎತ್ತರಕ್ಕೆ ಹೋಯಿತು, ಏಟೂ ಮೇಲಕ್ಕೆ ಬಂತು. ಕಣ್ಣಿನ ಸ್ಥಾನವೇ ಸರ್ವಸ್ವ ಎಂಬ ತತ್ತ್ವ ಇಲ್ಲಿ ಮೊಳಕೆಯೊಡೆದಿದೆ. ಆತನ ಕೈಕೆಳಗೆ ದುಡಿದ ಜೇಮ್ಸ್ ಪರ್ಡಿ 1814ರಲ್ಲಿ ಸ್ವಂತ ಅಂಗಡಿ ತೆರೆದ. ಪರ್ಡಿಯ ಹೆಸರು ಇಂದಿಗೂ ಲಂಡನ್ನಿನಲ್ಲಿದೆ. ಮಾಂಟನ್ ಮಾತ್ರ 1826ರಲ್ಲಿ ದಿವಾಳಿಯಾದ.

ಈ ಅಂಗಡಿಗಳ ಕ್ರಮ ದರ್ಜಿಯದೇ. ಗಿರಾಕಿಯ ಕತ್ತು, ತೋಳು, ಹೆಗಲು ನೋಡಿ, ಅಂದಾಜಿನ ಮೇಲೆ ವಾಲ್‌ನಟ್ ಮರವನ್ನು ಕೆತ್ತುತ್ತಿದ್ದರು. ಅದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗಿರಾಕಿ ಬೇಟೆಗೆ ಹೋಗಿ ಬಂದು ‘ಈ ಸಲ ಹಕ್ಕಿ ಕಡಿಮೆ ಬಿದ್ದವು’ ಎನ್ನಬೇಕು. ಹಕ್ಕಿ ಒಂದೊಂದೂ ಒಂದೊಂದು ದಿಕ್ಕಿಗೆ, ಒಂದೊಂದು ವೇಗದಲ್ಲಿ ಹಾರುತ್ತದೆ. ತಪ್ಪು ಹಕ್ಕಿಯದೋ ಗಾಳಿಯದೋ ಹಿಂದಿನ ರಾತ್ರಿಯ ಮದ್ಯದ್ದೋ ಮರದ್ದೋ ಎಂದು ಹೇಳುವವರಾರು? ಒಂದೇ ಪ್ರಯೋಗವನ್ನು ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಮಾಡದೆ ಕಾರಣ ಸಿಗದು ಎಂಬುದು ಪ್ರಯೋಗಶಾಲೆಯ ಮೊದಲ ಪಾಠ. ಆ ಅವಕಾಶ ಒದಗಿಸಿದ್ದು ಅಮೆರಿಕ.

ಅಲ್ಲಿ 1860ರ ದಶಕದಲ್ಲಿ ಗಾಜಿನ ಗೋಲಿಗಳನ್ನು ಎಸೆದು ಹೊಡೆಯುವ ರೂಢಿ ಬಂತು. ಆಡಂ ಬೊಗಾರ್ಡಸ್ ಎಂಬ ಪ್ರಸಿದ್ಧ ಗುರಿಕಾರ 1877ರಲ್ಲಿ ಸುಧಾರಿತ ಗೋಲಿಗೂ ಅದನ್ನೆಸೆಯುವ ಯಂತ್ರಕ್ಕೂ ಹಕ್ಕುಪತ್ರ ಪಡೆದ. ನುಣುಪು ಗಾಜಿನ ಮೇಲೆ ಚರೆ ಜಾರಿಹೋಗುತ್ತಿದ್ದುದರಿಂದ ಆತ ಮೈ ಒರಟಾಗಿಸಿದ. ಕೆಲವರು ಒಳಗೆ ಪುಕ್ಕ ತುಂಬುತ್ತಿದ್ದರು, ಒಡೆದಾಗ ಹಕ್ಕಿ ಬಿದ್ದಂತೆ ಕಾಣಲಿ ಎಂದು! ಆದರೆ ಗೋಲಿ ಹಕ್ಕಿಯಂತೆ ತೇಲುವುದಿಲ್ಲ, ಕಲ್ಲಿನಂತೆ ಏರಿ ಇಳಿಯುತ್ತದೆ. ಬಯಲು ತುಂಬ ಗಾಜಿನ ಚೂರು ಬೇರೆ. 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಸುಟ್ಟ ಮಣ್ಣಿನ ಚಪ್ಪಟೆ ಬಿಲ್ಲೆಯನ್ನು ತಂದ. ಹುಡುಗರು ನೀರಿನ ಮೇಲೆ ಚಿಪ್ಪುಗಳನ್ನು ತೇಲಿಸಿ ಎಸೆಯುವುದನ್ನು ನೋಡಿ ಹೊಳೆದದ್ದೆಂದು ಹೇಳುತ್ತಾರೆ. ನಾವೂ ಕೆರೆಯ ದಂಡೆಯಲ್ಲಿ ಹೆಂಚಿನ ಚೂರಿನಿಂದ ಆಡಿದ ಆಟವೇ. ಸುತ್ತುತ್ತ ಹಾರುವ ಬಿಲ್ಲೆ ಗಾಳಿಯ ಮೇಲೆ ತೇಲಿ ಹಕ್ಕಿಯ ಗತಿಯನ್ನು ಹೋಲುತ್ತಿತ್ತು. ಮೊದಮೊದಲಿನವು ಮಡಕೆಯಂತೆ ಗಟ್ಟಿಯಾಗಿದ್ದು ಚರೆ ತಗುಲಿದರೆ ಗಂಟೆಯಂತೆ ಸದ್ದು ಮಾಡಿ ಹೊರಟುಹೋಗುತ್ತಿದ್ದವು. ಆಮೇಲೆ ಡಾಂಬರಿನಂಥ ಅಂಟು ಮತ್ತು ಸುಣ್ಣಕಲ್ಲಿನ ಪುಡಿಯ ಮಿಶ್ರಣ ಬಂತು. ಹೀಗಾಗಿ ಇಂದಿನ ‘ಮಣ್ಣಿನ’ ಪಾರಿವಾಳದಲ್ಲಿ ಪಾರಿವಾಳವೂ ಇಲ್ಲ, ಮಣ್ಣೂ ಇಲ್ಲ. ಅದೇ ಸಿನ್ಸಿನಾಟಿಯ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಅಮೆರಿಕದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ ಸತ್ತಿತು. ಒಂದು ಕಾಲಕ್ಕೆ ಆಕಾಶ ಮುಚ್ಚುವಂತೆ ಹಾರುತ್ತಿದ್ದ ಆ ಜಾತಿಯ ಹಕ್ಕಿಗಳು ಈ ಪಂದ್ಯಗಳಲ್ಲೂ ಸಾವಿರಗಟ್ಟಲೆ ಅಳಿದಿದ್ದವು. ಬದಲಿ ಪಾರಿವಾಳ ಹುಟ್ಟಿದ ಊರಿನಲ್ಲೇ ನಿಜವಾದದ್ದು ಮುಗಿಯಿತು.

ಬಿಲ್ಲೆ ಬಂದದ್ದರಿಂದ ಹಕ್ಕಿ ಉಳಿದದ್ದಷ್ಟೇ ಅಲ್ಲ, ಇನ್ನೊಂದು ಉಪಕಾರವೂ ಆಯಿತು. ಒಂದೇ ದಿಕ್ಕು, ಒಂದೇ ವೇಗ, ಬೇಕಾದಷ್ಟು ಸಲ. ಇಪ್ಪತ್ತೈದು ಬಿಲ್ಲೆಗಳಲ್ಲಿ ಹದಿನೈದು ತಪ್ಪಿ, ಹದಿನೈದೂ ಎಡಕ್ಕೇ ತಪ್ಪಿದರೆ ಅದಕ್ಕೆ ದೈವವನ್ನು ದೂರಲು ಬರುವುದಿಲ್ಲ. ತಪ್ಪಿಗೆ ಒಂದು ನಿಯಮವಿದೆ ಎಂದಾಯಿತು. 1880ರ ದಶಕದ ಕೊನೆಯ ಸುಮಾರಿಗೆ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಬಂದೂಕಿನ ಅಂಗಡಿಗಳಲ್ಲಿ ‘ಟ್ರೈ ಗನ್’ ಎಂಬ ವಿಚಿತ್ರ ಸಾಧನ ಕಾಣಿಸಿಕೊಂಡಿತು. ಅದರ ಮರದ ಭಾಗಕ್ಕೆ ಕೀಲುಗಳೂ ತಿರುಪುಗಳೂ ಇದ್ದು, ಉದ್ದ, ಎತ್ತರ, ಓರೆ ಎಲ್ಲವನ್ನೂ ಹೆಚ್ಚು ಕಡಿಮೆ ಮಾಡಬಹುದಿತ್ತು. ಗಿರಾಕಿಯನ್ನು ಊರಾಚೆಯ ಬಯಲಿಗೆ ಕರೆದೊಯ್ದು, ಸುಣ್ಣ ಬಳಿದ ಕಬ್ಬಿಣದ ತಗಡಿಗೂ ಮಣ್ಣಿನ ಬಿಲ್ಲೆಗೂ ಹೊಡೆಸಿ, ತಿರುಪು ತಿರುಗಿಸುತ್ತ, ಏಟು ನಟ್ಟನಡುವೆ ಬಿದ್ದಾಗ ಅಳತೆ ಬರೆದುಕೊಳ್ಳುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಬದಲಾಯಿಸುತ್ತ ‘ಈಗ ಹೇಗೆ?’ ಎಂದು ಕೇಳುವುದಿಲ್ಲವೇ, ಅದೇ ರೀತಿ.

ಆ ಬರೆದುಕೊಂಡ ಅಳತೆಗಳು ನಾಲ್ಕೈದು ಮಾತ್ರ. ಟ್ರಿಗರಿನಿಂದ ಹೆಗಲಿಗೆ ಒತ್ತುವ ತುದಿಯ ತನಕ ಉದ್ದ. ಸಾಧಾರಣ ಮೈಕಟ್ಟಿನ ಗಂಡಸಿಗೆ ಇದು ಹದಿನಾಲ್ಕು, ಹದಿನಾಲ್ಕೂವರೆ ಅಂಗುಲ. ಉದ್ದ ಹೆಚ್ಚಾದರೆ ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹೆಬ್ಬೆರಳ ಗೆಣ್ಣು ಮೂಗಿಗೆ ಬಡಿಯುತ್ತದೆ. ಕೆನ್ನೆ ತಾಗುವ ಏಣು ನಳಿಗೆಯ ಮಟ್ಟಕ್ಕಿಂತ ಎಷ್ಟು ಕೆಳಗಿದೆ ಎಂಬ ಇಳಿತ. ಸುಮಾರು ಒಂದೂವರೆ ಅಂಗುಲ. ಇದೇ ಎಲ್ಲಕ್ಕಿಂತ ಮುಖ್ಯ, ಕಣ್ಣಿನ ಎತ್ತರ ಇದರಿಂದಲೇ. ಮೂರನೆಯದು ಮರವು ನಳಿಗೆಯ ನೇರದಿಂದ ಬಲಕ್ಕೋ ಎಡಕ್ಕೋ ಬಾಗುವ ಓರೆ. ಕಣ್ಣು ಹೆಗಲಿನ ನೇರದಲ್ಲಿಲ್ಲವಾದ್ದರಿಂದ ಇದು ಬೇಕಾಗುತ್ತದೆ, ಬಲಗೈಯವನಿಗೆ ಬಲಕ್ಕೆ, ಎಡಗೈಯವನಿಗೆ ಎಡಕ್ಕೆ. ಕೊನೆಯದಾಗಿ, ಹೆಗಲಿಗೆ ಒತ್ತುವ ಮುಖದ ಕೋನ. ಅಗಲ ಎದೆಯವರಿಗೂ ಹೆಂಗಸರಿಗೂ ಇದನ್ನು ಬೇರೆಯಾಗಿಯೇ ಕೊಡಬೇಕಾಗುತ್ತದೆ.

ಹೆಂಗಸರ ಮಾತು ಬಂದುದರಿಂದ ಆನಿ ಓಕ್ಲಿಯ ಕಥೆ ಹೇಳದಿರಲಾಗದು. 1860ರಲ್ಲಿ ಓಹಾಯೋದ ಬಡ ಕುಟುಂಬದಲ್ಲಿ ಹುಟ್ಟಿದ ಈಕೆಯ ಎತ್ತರ ಸುಮಾರು ಐದು ಅಡಿ. ಮೇಲೆ ಹೇಳಿದ ಬೊಗಾರ್ಡಸ್ ಬಿಟ್ಟುಹೋದ ವರ್ಷವೇ, 1885ರಲ್ಲಿ, ಬಫೆಲೋ ಬಿಲ್‌ನ ಪ್ರದರ್ಶನ ತಂಡ ಸೇರಿದಳು. 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ಕಾಲಕ್ಕೆ, ತಂಡ ಲಂಡನ್ನಿಗೆ ಬಂತು. ಅಮೆರಿಕದಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ ಆಕೆ ಇಂಗ್ಲೆಂಡಿನ ಚುರುಕು ಪಾರಿವಾಳಗಳೆದುರು ಮೊದಲಿಗೆ ತಡವರಿಸಿದಳು. ಚಾರ್ಲ್ಸ್ ಲ್ಯಾಂಕಾಸ್ಟರ್ ಎಂಬ ಹಳೆಯ ಅಂಗಡಿಯನ್ನು ಆಗ ನಡೆಸುತ್ತಿದ್ದ ಹೆನ್ರಿ ಥಾರ್ನ್ ನೋಡಿದ್ದು ಆಕೆಯ ಕೈಚಳಕವನ್ನಲ್ಲ, ಬಂದೂಕನ್ನು. ಆ ಮೈಗೆ ಅದು ತೀರ ಭಾರ, ಮರವೂ ಒಪ್ಪುತ್ತಿರಲಿಲ್ಲ. ಆತ ಆಕೆಯ ಅಳತೆಗೆ 20 ಬೋರಿನ ಹಗುರ ಬಂದೂಕುಗಳನ್ನು ಮಾಡಿಕೊಟ್ಟ. ಆಮೇಲೆ ಆಕೆ ಹಿಂದೆ ನೋಡಲಿಲ್ಲ. ಎರಡು ವರ್ಷದ ನಂತರ ಥಾರ್ನ್ ಅಂಗಡಿಯ ಹೆಸರಿನಲ್ಲೇ ಗುರಿವಿದ್ಯೆಯ ಮೇಲೆ ಒಂದು ಪುಸ್ತಕ ಪ್ರಕಟಿಸಿದ. ಅದು ಬಹುಕಾಲ ಓದಿಸಿಕೊಂಡಿತು.

(ಬೋರಿನ ಲೆಕ್ಕ ವಿನೋದವಾಗಿದೆ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಒಳ ಅಳತೆಯ ಎಷ್ಟು ಗುಂಡುಗಳಾಗುತ್ತವೆಯೋ ಅದೇ ಅದರ ಸಂಖ್ಯೆ. ಹೀಗಾಗಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 12 ಬೋರೆಂದರೆ ಸುಮಾರು 18.5 ಮಿಲಿಮೀಟರ್.)

ಆ ಕಾಲದಲ್ಲೇ ಕಣ್ಣಿನ ವಿಷಯದಲ್ಲೂ ತಿಳಿವಳಿಕೆ ಬೆಳೆಯಿತು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನ, ಇನ್ನೊಂದು ಸಹಾಯಕ. ಬಲಗೈಯವರಲ್ಲಿ ಹೆಚ್ಚಿನವರಿಗೆ ಬಲಗಣ್ಣೇ ಯಜಮಾನ. ಆದರೆ ಎಲ್ಲರಿಗೂ ಅಲ್ಲ. ಬಲಹೆಗಲಿನ ಮೇಲೆ ಬಂದೂಕಿಟ್ಟು ಎಡಗಣ್ಣಿನ ಯಜಮಾನಿಕೆಯಲ್ಲಿ ಹೊಡೆಯುವವನ ಏಟು ಎಡಕ್ಕೆ ಹೋಗುತ್ತಲೇ ಇರುತ್ತದೆ. ಹಿಂದೆ ಇಂಥವರಿಗಾಗಿ ಬಲಹೆಗಲಿನಿಂದ ಎಡಗಣ್ಣಿಗೆ ಹಾವಿನಂತೆ ಬಾಗಿದ ಮರವನ್ನು ಕೆತ್ತಿಕೊಡುತ್ತಿದ್ದರು. ಲಂಡನ್ನಿನ ರಾಬರ್ಟ್ ಚರ್ಚಿಲ್ (1886–1958) ಈ ಬಗೆಯ ಪರೀಕ್ಷೆಗಳಲ್ಲಿ ಹೆಸರಾದವನು. 25 ಅಂಗುಲದ ಗಿಡ್ಡ ನಳಿಗೆಗಳನ್ನು ರೂಢಿಗೆ ತಂದವನೂ ಆತನೇ. ಹಗಲೆಲ್ಲ ಜನರ ಹೆಗಲಳತೆ ತೆಗೆಯುತ್ತಿದ್ದ ಈತ ಕೊಲೆ ಮೊಕದ್ದಮೆಗಳಲ್ಲಿ ‘ಈ ಗುಂಡು ಈ ಆಯುಧದ್ದೇ’ ಎಂದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವ ತಜ್ಞನೂ ಆಗಿದ್ದ.

ಇಪ್ಪತ್ತನೆಯ ಶತಮಾನದಲ್ಲಿ ಬಂದೂಕಿನ ರೂಪ ಬದಲಾಯಿತು. ಅಕ್ಕಪಕ್ಕದ ಜೋಡುನಳಿಗೆಯ ಬದಲು ಒಂದರ ಮೇಲೊಂದು ನಳಿಗೆ. ಜಾನ್ ಮೋಸೆಸ್ ಬ್ರೌನಿಂಗ್ ಇದನ್ನು ಅಗ್ಗದ ಬೆಲೆಗೆ ತರುವ ಯೋಜನೆಯಲ್ಲಿದ್ದಾಗಲೇ 1926ರಲ್ಲಿ ಬೆಲ್ಜಿಯಮ್ಮಿನ ಕಾರ್ಖಾನೆಯಲ್ಲಿ ತೀರಿಕೊಂಡ. ಮಗ ಕೆಲಸ ಮುಂದುವರಿಸಿದ. ಈಗ ಸ್ಪರ್ಧೆಗಳಲ್ಲಿ ಕಾಣುವುದು ಬಹುತೇಕ ಈ ಬಗೆಯವೇ. ಆಟವೂ ಕವಲೊಡೆಯಿತು. ಟ್ರ್ಯಾಪಿನಲ್ಲಿ ಬಿಲ್ಲೆಗಳು ಮುಂದಿನ ಕಂದಕದಿಂದ ಎದ್ದು ದೂರ ಓಡುತ್ತವೆ, ಬಂದೂಕನ್ನು ಮೊದಲೇ ಹೆಗಲಿಗೇರಿಸಿ ನಿಲ್ಲಬಹುದು. ಸ್ಕೀಟಿನಲ್ಲಿ ಎರಡು ಪಕ್ಕದ ಗೋಪುರಗಳಿಂದ ಅಡ್ಡ ಹಾರುತ್ತವೆ, ಒಲಿಂಪಿಕ್ ನಿಯಮದಂತೆ ಬಿಲ್ಲೆ ಕಾಣುವ ತನಕ ಬಂದೂಕು ಸೊಂಟದ ಮಟ್ಟದಲ್ಲಿರಬೇಕು. ಆದ್ದರಿಂದ ಒಂದೇ ಮನುಷ್ಯನಿಗೆ ಎರಡು ಆಟಕ್ಕೆ ಎರಡು ಅಳತೆ! ಏರುವ ಬಿಲ್ಲೆಗಾಗಿ ಟ್ರ್ಯಾಪಿನ ಬಂದೂಕಿನ ಏಣು ಎತ್ತರ, ಏಟು ಸ್ವಲ್ಪ ಮೇಲಕ್ಕೆ. ಸ್ಕೀಟಿನದು ಕೆಳಗಿನಿಂದ ತಟ್ಟನೆ ಮೇಲೆ ಬರಬೇಕಾದ್ದರಿಂದ ತುಸು ಗಿಡ್ಡ.

ಸ್ಕೀಟಿನ ಇತಿಹಾಸದಲ್ಲಿ ಮರೆಯಲಾಗದ ಹೆಸರು ಚೀನದ ಜಾಂಗ್ ಶಾನ್. 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸುತ್ತಿದ್ದ ಸ್ಕೀಟಿನಲ್ಲಿ, ಅಂತಿಮ ಸುತ್ತಿಗೆ ಮೊದಲು 200ಕ್ಕೆ 200 ಬಿಲ್ಲೆ ಒಡೆದು, ಕೊನೆಗೆ 225ಕ್ಕೆ 223ರಿಂದ ಚಿನ್ನ ಗೆದ್ದರು. ಮುಂದಿನ 1996ರ ಒಲಿಂಪಿಕ್ಸಿನಲ್ಲಿ ಆ ಸ್ಪರ್ಧೆ ಗಂಡಸರಿಗೆ ಮಾತ್ರ. ಹೆಂಗಸರಿಗೆ ಸ್ಕೀಟೇ ಇರಲಿಲ್ಲ. ಚಿನ್ನ ಗೆದ್ದವರು ಅದನ್ನು ಉಳಿಸಿಕೊಳ್ಳಲು ಕಣಕ್ಕಿಳಿಯುವಂತೆಯೇ ಇಲ್ಲ. ಹೆಂಗಸರ ಸ್ಕೀಟ್ ಬಂದದ್ದು 2000ದಲ್ಲಿ. ಶಕ್ತಿ ಸಾಲದು, ಒದೆತ ತಡೆಯಲಾರರು ಎಂಬ ಹಳೆಯ ವಾದಗಳಿಗೆ ಆ 223 ಸಾಕಷ್ಟು ಉತ್ತರವಾಗಿತ್ತು ಎಂದು ನನ್ನ ಅಭಿಪ್ರಾಯ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಲಂಡನ್ನಿನಿಂದ ಅಳತೆಯ ಬಂದೂಕು ತರಿಸುತ್ತಿದ್ದವರು ರಾಜ ಮಹಾರಾಜರು. ಸ್ವಾತಂತ್ರ್ಯಾನಂತರ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಸ್ಥಾಪಿತವಾಗಿ, ಲೋಕಸಭೆಯ ಮೊದಲ ಅಧ್ಯಕ್ಷ ಮಾವಳಂಕರರು ಅದರ ಮೊದಲ ಅಧ್ಯಕ್ಷರಾದರು. ಆದರೂ ಬಹುಕಾಲ ಮಣ್ಣಿನ ಪಾರಿವಾಳ ಅರಮನೆಯ ಹಕ್ಕಿಯೇ ಆಗಿತ್ತು. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ (1924–1988) 1960ರ ರೋಮಿನಿಂದ 1980ರ ಮಾಸ್ಕೋ ತನಕ ಐದು ಒಲಿಂಪಿಕ್ಸುಗಳಲ್ಲಿ ಸ್ಪರ್ಧಿಸಿದರು. 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಮೊದಲ ಸ್ಥಾನಕ್ಕೆ ಸಮನಾಗಿ ನಿಂತು, ಮರುಸ್ಪರ್ಧೆಯಲ್ಲಿ ಬೆಳ್ಳಿ ಪಡೆದರು. ಇಪ್ಪತ್ತೈದು ವರ್ಷ ಲೋಕಸಭಾ ಸದಸ್ಯರೂ ಆಗಿದ್ದರು. 1982ರ ಏಷ್ಯನ್ ಕ್ರೀಡೆಗಳಿಗೆಂದು ದೆಹಲಿಯ ತುಘಲಕಾಬಾದಿನಲ್ಲಿ ಕಟ್ಟಿದ ಶೂಟಿಂಗ್ ರೇಂಜಿಗೆ ಅವರದೇ ಹೆಸರಿದೆ. 1978ರಲ್ಲಿ ರಣಧೀರ್ ಸಿಂಗ್ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಟ್ರ್ಯಾಪಿನ ಚಿನ್ನ ಗೆದ್ದರು. 2004ರಲ್ಲಿ ಸೈನ್ಯದ ಅಧಿಕಾರಿ ರಾಜ್ಯವರ್ಧನ ಸಿಂಗ್ ರಾಠೋಡ್ ಅಥೆನ್ಸಿನಲ್ಲಿ ಡಬಲ್ ಟ್ರ್ಯಾಪಿನ ಬೆಳ್ಳಿ ತಂದರು, 2006ರಲ್ಲಿ ಮಾನವಜಿತ್ ಸಿಂಗ್ ಸಂಧು ಟ್ರ್ಯಾಪಿನ ವಿಶ್ವ ಚಾಂಪಿಯನ್ನರಾದರು. 2024ರ ಪ್ಯಾರಿಸ್ಸಿನಲ್ಲಿ ಮಹೇಶ್ವರಿ ಚೌಹಾನ್ ಮತ್ತು ಅನಂತಜೀತ್ ಸಿಂಗ್ ನರೂಕಾ ಜೋಡಿ ಸ್ಕೀಟಿನ ಕಂಚನ್ನು 43ಕ್ಕೆ 44ರಿಂದ ಕಳೆದುಕೊಂಡಿತು. ಒಂದೇ ಒಂದು ಬಿಲ್ಲೆ.

ಕರ್ನಾಟಕದಲ್ಲಿ ಬಂದೂಕೆಂದರೆ ಕೊಡಗು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಆ ಕೋವಿ ಮನೆತನದ ಗೌರವ. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ನಿಂತ ತೆಂಗಿನಕಾಯಿಗೆ ಸಾವಧಾನವಾಗಿ ಕತ್ತು ಬಗ್ಗಿಸಿ ಗುರಿಯಿಡಬಹುದಾದ್ದರಿಂದ ಅಜ್ಜನ ಅಳತೆ ಮೊಮ್ಮಗನಿಗೆ ಅಷ್ಟೇನೂ ತೊಡಕಾಗದು. ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುವ ಬಿಲ್ಲೆಗೆ ಮಾತ್ರ ಅದು ನಡೆಯದು. ಅಲ್ಲಿ ಯೋಚಿಸಿ ಹೊಡೆಯುವಷ್ಟರಲ್ಲಿ ಒಂದು ಸೆಕೆಂಡು ಕಳೆದುಹೋಗಿರುತ್ತದೆ.

ಪರಂಪರೆಯ ಬಂದೂಕು ಕೊಡಗಿನಲ್ಲಷ್ಟೇ ಇಲ್ಲ. ನಮ್ಮ ದೇಶದ ತರಬೇತಿಯೆಲ್ಲ ಒಂದರ್ಥದಲ್ಲಿ ಇನ್ನೊಬ್ಬರ ಬಂದೂಕಿನಲ್ಲೇ ನಡೆಯುತ್ತದೆ. ಕಾನೂನಿನಂತೆ 21 ವರ್ಷ ತುಂಬದವರಿಗೆ ಸ್ವಂತ ಪರವಾನಗಿ ಇಲ್ಲ, ನಿಯಮಗಳಿಗೊಳಪಟ್ಟು ತರಬೇತಿಯಲ್ಲಿ ಬಳಸಬಹುದು ಅಷ್ಟೆ. ಸ್ಪರ್ಧೆಯ ಬಂದೂಕುಗಳು ಇಟಲಿ, ಜರ್ಮನಿಗಳಿಂದ ಬರಬೇಕು, ಬೆಲೆ ಲಕ್ಷಗಳಲ್ಲಿ. ಹೀಗಾಗಿ ಹದಿನಾರರ ಹುಡುಗಿ ಆರಡಿ ಗಂಡಸಿಗೆಂದು ಕೆತ್ತಿದ ಮರವನ್ನು ಹೆಗಲಿಗೇರಿಸುತ್ತಾಳೆ. ನನ್ನ ಪರಿಚಯದ ಕನ್ನಡ ಕುಟುಂಬವೊಂದರಲ್ಲಿ ಹೀಗೇ ಆಯಿತು. ಮೂರು ತಿಂಗಳು ರೇಂಜಿಗೆ ಹೋದ ಮಗಳು ಕೆನ್ನೆ ಕಂದಿಸಿಕೊಂಡು, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಕಲಿತು ಬಂದಳು. ‘ಇವಳಿಗೆ ಇದು ಒಗ್ಗುವುದಿಲ್ಲ, ಧೈರ್ಯ ಸಾಲದು’ ಎಂದು ಹೇಳಿ ಕಳಿಸಿದ್ದರು. ತಂದೆಯೂ ನಂಬಿದ್ದರು. ಆಮೇಲೆ ಇನ್ನೊಬ್ಬ ಹಿರಿಯ ತರಬೇತುದಾರರು ಬಂದೂಕಿನ ಹಿಂಬದಿಯ ರಬ್ಬರ್ ದಿಂಡನ್ನು ತೆಗೆದು ತೆಳ್ಳನೆಯದನ್ನು ಹಾಕಿ, ಕೆನ್ನೆಯ ಏಣಿಗೆ ಪಟ್ಟಿ ಅಂಟಿಸಿ ಎತ್ತರಿಸಿ ಕೊಟ್ಟರು. ಹುಡುಗಿ ಅದೇ, ಬಂದೂಕೂ ಅದೇ. ಆಕೆ ಈಗಲೂ ಆಡುತ್ತಿದ್ದಾಳೆ.

ಒದೆತದ ಲೆಕ್ಕವೂ ಸುಲಭ. ಈಗಿನ ಒಲಿಂಪಿಕ್ ತೋಟಾದಲ್ಲಿ 24 ಗ್ರಾಂ ಚರೆ. ಸೆಕೆಂಡಿಗೆ ಸುಮಾರು 400 ಮೀಟರ್ ವೇಗ. ಮೂರೂವರೆ ಕಿಲೋ ಬಂದೂಕು ಸೆಕೆಂಡಿಗೆ ಸರಿಸುಮಾರು 3 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಮರ ಹೆಗಲಿಗೂ ಕೆನ್ನೆಗೂ ಒತ್ತಿ ಕುಳಿತಿದ್ದರೆ ಇದು ತಳ್ಳು. ಕೂರದೆ ನಡುವೆ ಸಂದಿಯಿದ್ದರೆ ಗುದ್ದು. ಸ್ಪರ್ಧೆಯೊಂದರಲ್ಲಿ 125 ಬಿಲ್ಲೆಗಳು, ಟ್ರ್ಯಾಪಿನಲ್ಲಿ ಒಂದೊಂದಕ್ಕೆ ಎರಡು ಏಟಿನ ಅವಕಾಶ. ಬಂದೂಕನ್ನು ತೀರ ಹಗುರ ಮಾಡಿದರೂ ಕಷ್ಟವೇ ಎಂಬುದು ಇದರಿಂದ ತಿಳಿಯುತ್ತದೆ. ಆನಿ ಓಕ್ಲಿಗೆ ಹಗುರವಾದದ್ದು ಒಪ್ಪಿದ್ದು ಸಣ್ಣ ಬೋರಿನ ಸಣ್ಣ ತೋಟಾದ ಜೊತೆಗೆ.

ಹಾಗಾದರೆ ಆರಿಸುವುದು ಹೇಗೆ? ಬಂದೂಕಿನ ಬಾಯಿ ತೆರೆದು ಖಾಲಿಯೆಂದು ಇಬ್ಬರು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಮಾತು. ಮೊದಲು ಯಜಮಾನ ಕಣ್ಣು ಯಾವುದೆಂದು ತಿಳಿಯಬೇಕು: ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಎಡಗಣ್ಣು ಮುಚ್ಚಿ, ಬೆರಳು ಕಂಬದ ಮೇಲೆಯೇ ಇದ್ದರೆ ಬಲಗಣ್ಣು ಯಜಮಾನ, ಸರಿದರೆ ಎಡಗಣ್ಣು. ಎಡಗಣ್ಣಾದ ಎಳೆಯರಿಗೆ ಮೊದಲಿನಿಂದಲೇ ಎಡಹೆಗಲು ಕಲಿಸುವುದು ಲೇಸು. ದೊಡ್ಡವರು ಕನ್ನಡಕದ ಎಡಗಾಜಿಗೆ ಮಸುಕು ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಅಂಗಡಿಯವರು ಬಂದೂಕಿನ ಹಿಂಬದಿಯನ್ನು ಮೊಣಕೈಯ ಮಡಿಕೆಗೆ ಇಟ್ಟು, ಬೆರಳು ಟ್ರಿಗರಿಗೆ ಮುಟ್ಟಿತೆಂದರೆ ‘ಸರಿಯಾಯಿತು’ ಎನ್ನುವುದುಂಟು. ಇದನ್ನು ನಂಬಬಾರದು. ಹೆಗಲು, ಕತ್ತು, ಕೆನ್ನೆಗಳ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಆಡುವಾಗ ತೊಡುವ ಅಂಗಿಯನ್ನೇ ತೊಟ್ಟು, ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೇರಿಸಿ ಕೆನ್ನೆ ಆನಿಸಿ, ಆಮೇಲೆ ಕಣ್ಣು ತೆರೆಯಬೇಕು. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ಮಣಿ ನಡುವೆ ಕಂಡರೆ ಸರಿ. ಪಟ್ಟಿಯ ಬದಲು ಬಂದೂಕಿನ ಹಿಂಭಾಗದ ಲೋಹವೇ ಕಂಡರೆ ಏಣು ತಗ್ಗು. ಪಟ್ಟಿ ರಸ್ತೆಯಂತೆ ಉದ್ದಕ್ಕೆ ಹಾಸಿ ಕಂಡರೆ ಏಣು ಎತ್ತರ. ಹೆಬ್ಬೆರಳ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಬೇಕು. ದೆಹಲಿಯಂಥ ಊರಿನಲ್ಲಿ ಜನವರಿಯ ಸ್ವೆಟರು ಕೋಟುಗಳೇ ಮರವನ್ನು ಅರ್ಧ ಅಂಗುಲ ಉದ್ದ ಮಾಡಿಬಿಡುತ್ತವೆ. ಮೇ ತಿಂಗಳಲ್ಲಿ ಸರಿಯಿದ್ದದ್ದು ಚಳಿಗಾಲದಲ್ಲಿ ಕಂಕುಳಿಗೆ ಸಿಕ್ಕಿಕೊಂಡರೆ ಆಶ್ಚರ್ಯವಿಲ್ಲ.

ಇಷ್ಟಾದರೂ ಕೊನೆಯ ತೀರ್ಪು ಸುಣ್ಣ ಬಳಿದ ತಗಡಿನದೇ. ತರಬೇತುದಾರರ ಸಮ್ಮುಖದಲ್ಲಿ, ರೇಂಜಿನ ನಿಯಮದಂತೆ, 16 ಗಜದಿಂದ ನಡುವಿನ ಗುರುತಿನ ಮೇಲೆ ಕಣ್ಣಿಟ್ಟು, ಗುರಿ ತಿದ್ದಲು ತಡೆಯದೆ ಐದಾರು ಸಲ ಹೊಡೆಯಬೇಕು. ಏಟುಗಳ ನಡುಭಾಗ ಗುರುತಿನಿಂದ ಒಂದು ಅಂಗುಲ ಎಡಕ್ಕಿದ್ದರೆ ಮರವನ್ನು ತಿದ್ದಬೇಕಾದದ್ದು ಒಂದು ಅಂಗುಲದ ಹದಿನಾರನೆಯ ಒಂದು ಭಾಗ. ಈಗ ಬರುವ ಅನೇಕ ಬಂದೂಕುಗಳಲ್ಲಿ ಏಣನ್ನು ತಿರುಪಿನಿಂದ ಎತ್ತಿ ಇಳಿಸಿ ಪಕ್ಕಕ್ಕೆ ಸರಿಸಬಹುದು. ಹಳೆಯ ಟ್ರೈ ಗನ್ನೇ ಈಗ ಆಟದ ಬಂದೂಕಾಗಿದೆ. ಅದಿಲ್ಲದ ಹಳೆಯ ಬಂದೂಕಿಗೆ ಅಂಟುಪಟ್ಟಿ ಇದೆ, ರಬ್ಬರ್ ದಿಂಡು ಇದೆ, ಒಳ್ಳೆಯ ಬಡಗಿ ಇದ್ದಾನೆ. ಮಗುವನ್ನು ರೇಂಜಿಗೆ ಸೇರಿಸುವ ತಂದೆತಾಯಿಗಳು ಶುಲ್ಕ ಎಷ್ಟೆಂದು ಕೇಳುವಾಗಲೇ, ಕೊಡುವ ಬಂದೂಕಿನ ಉದ್ದ ಎಷ್ಟು, ಅದನ್ನು ತಿದ್ದಿಕೊಡುವವರು ಯಾರು ಎಂದೂ ಕೇಳಬೇಕು.